ಕೊನೆಯ ನುಡಿ ಕತ್ತರಿಸುವ ಮುನ್ನ

ಉತ್ತರ ಕರ್ನಾಟಕದ ಹಾಡುಗಳನ್ನು ಯೂಟ್ಯೂಬಿಗೆ ಏರಿಸುವ ಅನೇಕ ಚಾನೆಲ್‌ಗಳಲ್ಲಿ ವಿಡಿಯೊದ ಕೆಳಗೆ ಒಂದು ಇಂಗ್ಲಿಷ್ ಒಕ್ಕಣೆ ಕಾಣುತ್ತದೆ. 1976ರ ಕಾಪಿರೈಟ್ ಕಾಯ್ದೆಯ 107ನೇ ಕಲಮಿನಂತೆ ಇದು ‘ಫೇರ್ ಯೂಸ್’, ಆದ್ದರಿಂದ ಯಾರ ತಕರಾರೂ ನಡೆಯದು ಎಂಬುದು ಅದರ ತಾತ್ಪರ್ಯ. ಆ ಕಾಯ್ದೆ ಅಮೆರಿಕದ್ದು. ಗೋಕಾಕದ ಮೇಳ ಹಾಡಿ, ಮೂಡಲಗಿಯ ಹುಡುಗ ಮೊಬೈಲಿನಲ್ಲಿ ಹಿಡಿದು, ಹುಕ್ಕೇರಿಯವರು ಕೇಳುವ ಪದಕ್ಕೆ ಅನ್ವಯವಾಗುವುದು ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ, ಅದರಲ್ಲೂ 52ನೇ ಕಲಂ. ಬಳಕೆಯ ಉದ್ದೇಶವೇನು, ಕೃತಿ ಎಂಥದು, ಎಷ್ಟು ತೆಗೆದುಕೊಂಡರು, ಮಾರುಕಟ್ಟೆಗೆ ಎಷ್ಟು ಪೆಟ್ಟು ಬಿತ್ತು ಎಂಬ ನಾಲ್ಕು ಸಂಗತಿಗಳನ್ನು ತೂಗಿ ತೀರ್ಮಾನಿಸುವ ಕೆಲಸವನ್ನು ಅಮೆರಿಕದ ಕಾಯ್ದೆ ನ್ಯಾಯಾಧೀಶರಿಗೆ ಬಿಡುತ್ತದೆ. ನಮ್ಮ ಕಾಯ್ದೆ ಯಾವ ಯಾವ ಕೆಲಸಕ್ಕೆ ಅನುಮತಿ ಬೇಡ ಎಂದು ಒಂದೊಂದಾಗಿ ಹೆಸರಿಸಿ ಅಲ್ಲಿಗೇ ನಿಲ್ಲುತ್ತದೆ. ಯೂಟ್ಯೂಬ್ ಅಮೆರಿಕದ ಕಂಪನಿಯಾದ್ದರಿಂದ ಅದರ ಒಳಗಿನ ತಕರಾರು ಪ್ರಕ್ರಿಯೆಗೆ ಅಲ್ಲಿನ ನಿಯಮ ಮುಖ್ಯ ಎಂಬ ಮಾತು ನಿಜ. ಆದರೆ ಬೆಳಗಾವಿಯ ನ್ಯಾಯಾಲಯದಲ್ಲಿ ದಾವೆ ಬಿದ್ದರೆ ಆ ಒಕ್ಕಣೆ ಕೆಲಸಕ್ಕೆ ಬಾರದು. ಅಮೆರಿಕದಲ್ಲಿಯೂ ಬರಿಯ ಒಕ್ಕಣೆಯಿಂದ ಯಾವ ಬಳಕೆಯೂ ನ್ಯಾಯಯುತ ಆಗುವುದಿಲ್ಲ. ನಮ್ಮ ಕಾಯ್ದೆಯ ವಿನಾಯಿತಿ ಹಾಡು ಹಂಚುವವರು ನಂಬಿರುವುದಕ್ಕಿಂತ ಕಿರಿದು, ಧ್ವನಿಮುದ್ರಣ ಕಂಪನಿಗಳು ಒಪ್ಪಿಕೊಳ್ಳುವುದಕ್ಕಿಂತ ಹಿರಿದು. ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಪದ ಕಟ್ಟಿದವರ ಮತ್ತು ಹಾಡಿದವರ ಹಕ್ಕನ್ನು ಈ ನೆಲದ ಹಾಡಿಕೆ ಯಾವ ಕಾಯ್ದೆಯೂ ಹುಟ್ಟುವ ಮೊದಲೇ ಗುರುತಿಸಿತ್ತು. ಇವತ್ತಿನ ಹಂಚಿಕೆ ಮೊದಲು ಮುರಿಯುತ್ತಿರುವುದು ಆ ಕಟ್ಟಳೆಯನ್ನೇ.

ಒಂದು ಹಾಡಿನ ಮೇಲೆ ಒಂದೇ ಹಕ್ಕು ಇರುತ್ತದೆ ಎಂಬ ತಿಳುವಳಿಕೆಯಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಕಾಯ್ದೆಯ ಕಣ್ಣಿನಲ್ಲಿ ಸಾಹಿತ್ಯ ಒಂದು ಕೃತಿ, ಧಾಟಿ ಇನ್ನೊಂದು ಕೃತಿ, ಧ್ವನಿಮುದ್ರಣ ಮೂರನೆಯದು. ಇವುಗಳ ಜೊತೆಗೆ ಹಾಡುಗಾರರ ಪ್ರದರ್ಶನದ ಹಕ್ಕು ಬೇರೆಯೇ ಇದೆ. ಒಂದೊಂದರ ಅವಧಿಯೂ ಬೇರೆ. ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಹಾಡುಗಾರರ ಹಕ್ಕಿಗೆ ಹಾಡಿದ ಮುಂದಿನ ವರ್ಷದಿಂದ 50 ವರ್ಷ. ಶಿಶುನಾಳ ಶರೀಫರ ತತ್ವಪದಗಳನ್ನೇ ನೋಡಬಹುದು. ಶರೀಫರು 1889ರಲ್ಲಿ ತೀರಿಕೊಂಡರು, ಅವರ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಆದರೆ ನಾಡಿನ ತುಂಬ ಕೇಳುವುದು ಬಹುಮಟ್ಟಿಗೆ ಸಿ. ಅಶ್ವತ್ಥರು ಕೂಡಿಸಿದ ಧಾಟಿ. ಅಶ್ವತ್ಥರು 2009ರಲ್ಲಿ ತೀರಿಕೊಂಡರು, ಅವರ ಸಂಗೀತ ಕೃತಿಯ ಹಕ್ಕು 2069ರ ಕೊನೆಯವರೆಗೆ ಇದೆ. ಕ್ಯಾಸೆಟ್ಟಿನ ಹಕ್ಕು ಅದನ್ನು ತಂದ ಕಂಪನಿಯದು. ಭಜನಾ ಮಂಡಳಿಯೊಂದು ಶರೀಫರ ಪದವನ್ನು ತನ್ನದೇ ಹಳೆಯ ಧಾಟಿಯಲ್ಲಿ ಹಾಡಿ ಹಂಚಿದರೆ ಯಾರನ್ನೂ ಕೇಳಬೇಕಿಲ್ಲ. ಅದೇ ಪದದ ಕ್ಯಾಸೆಟ್ಟನ್ನು ಹಾಗೆಯೇ ಏರಿಸಿದರೆ ಮೂವರ ಹಕ್ಕನ್ನು ತುಳಿದಂತೆ. ಶರೀಫರ ಪದಕ್ಕೆ ಹಕ್ಕು ಯಾರದು ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಪದರದ ಮಾತು ಎಂದು ಕೇಳಿದರೆ ಸಿಗುತ್ತದೆ.

ಶ್ರೀಕೃಷ್ಣ ಪಾರಿಜಾತ ಈ ಭಾಗದ ಹೆಮ್ಮೆಯ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣ ಬಯಲಾಟಕ್ಕೆ ಒಗ್ಗಿಸಿ ಬೆಳೆಸಿದ ಎಂಬುದು ವಿದ್ವಾಂಸರಲ್ಲಿ ಪ್ರಚಲಿತವಿರುವ ಅಭಿಪ್ರಾಯ. ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಇಬ್ಬರು ತಮ್ಮಣ್ಣರ ಸಾಹಿತ್ಯವೂ ಯಾವಾಗಲೋ ಎಲ್ಲರದಾಗಿದೆ. ಆದ್ದರಿಂದ ಪಾರಿಜಾತದ ವಿಡಿಯೊವನ್ನು ಯಾರು ಬೇಕಾದರೂ ಹಂಚಬಹುದು ಎಂದು ಹೇಳುವವರು ಅರ್ಧ ಸರಿ. ಉಳಿದರ್ಧ ಹಾಡುಗಾರರದು. ಹಳೆಯ ಗೋಕಾಕ ತಾಲ್ಲೂಕಿನ ಕೌಜಲಗಿಯ ನಿಂಗಮ್ಮ ಪಾರಿಜಾತದಿಂದ ನಾಡಿಗೆಲ್ಲ ಹೆಸರಾದದ್ದು ಆ ಸಾಹಿತ್ಯವನ್ನು ಬರೆದದ್ದಕ್ಕಲ್ಲ, ಅದಕ್ಕೆ ಕೊಟ್ಟ ದನಿ ಮತ್ತು ಅಭಿನಯಕ್ಕೆ. ಕಾಯ್ದೆ ಇದನ್ನು ಬಲು ಉದಾರವಾಗಿ ಗುರುತಿಸುತ್ತದೆ. ನಟ, ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವರನ್ನೂ ಹಾವಾಡಿಗರನ್ನೂ ಅದು ಪ್ರದರ್ಶಕರೆಂದು ಹೆಸರಿಸುತ್ತದೆ. ಆಟವನ್ನು ಮುದ್ರಿಸಲು, ಆ ಮುದ್ರಣವನ್ನು ಪ್ರತಿ ಮಾಡಲು, ಜನರಿಗೆ ತಲುಪಿಸಲು ಅವರ ಒಪ್ಪಿಗೆ ಬೇಕು. 2000ನೇ ಇಸವಿಯಲ್ಲಿ ಆಡಿದ ಪಾರಿಜಾತದ ಮೇಲೆ ಆ ಮೇಳದವರ ಹಕ್ಕು 2050ರ ಕೊನೆಯವರೆಗೆ ಉಳಿದಿರುತ್ತದೆ. ಆಟದ ಚೌಕಿಯ ಎದುರು ಮೊಬೈಲು ಎತ್ತಿ ಹಿಡಿದವರಿಗೆ ಹೀಗೊಂದು ಹಕ್ಕು ಇದೆ ಎಂಬ ಅರಿವಿಲ್ಲ. ಮೇಳದವರಿಗೂ ಇಲ್ಲ.

ಜನಪದ ಎಂದು ಭಾವಿಸಿ ಹಂಚುವ ಹಾಡು ಕೆಲವೊಮ್ಮೆ ಜನಪದವೇ ಆಗಿರುವುದಿಲ್ಲ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಕೃಷ್ಣಶರ್ಮರು, ಅಂದರೆ ಆನಂದಕಂದರು, ಹಳ್ಳಿಯ ಮಾತಿನಲ್ಲಿ, ಹಳ್ಳಿಯ ಧಾಟಿಗೆ ಹೊಂದುವಂತೆ ಕವಿತೆ ಬರೆದರು. ಮುರಗೋಡದ ಹುಕ್ಕೇರಿ ಬಾಳಪ್ಪನವರಂಥ ಗಾಯಕರು ಜನಪದ ಗೀತೆಯನ್ನೂ ಕವಿಗಳ ರಚನೆಯನ್ನೂ ಒಂದೇ ಸಭೆಯಲ್ಲಿ, ಒಂದೇ ಹುಮ್ಮಸ್ಸಿನಲ್ಲಿ ಹಾಡಿ ಊರೂರಿಗೆ ಮುಟ್ಟಿಸಿದರು. ಕೇಳಿದವರಿಗೆ ಎರಡರ ನಡುವೆ ಗೆರೆ ಕಾಣಲಿಲ್ಲ, ಕಾಣಬೇಕಾದ ಅಗತ್ಯವೂ ಆಗ ಇರಲಿಲ್ಲ. ಆನಂದಕಂದರು ತೀರಿಕೊಂಡದ್ದು 1982ರಲ್ಲಿ, ಅವರ ಕವಿತೆಗಳ ಹಕ್ಕು 2042ರ ಕೊನೆಗೆ ಮುಗಿಯುತ್ತದೆ. ಬೇಂದ್ರೆಯವರದು 2041ರ ಕೊನೆಗೆ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಯಲಾಟದ ಲಯವನ್ನು ನಾಟಕಕ್ಕೆ ತಂದವರು. ಅವರ ನಾಟಕದ ಹಾಡುಗಳನ್ನು ಎಷ್ಟೋ ಜನ ಹಳೆಯ ಜನಪದವೆಂದೇ ತಿಳಿದಿದ್ದಾರೆ. ಧಾಟಿಯ ಮಟ್ಟು ಜನರದು ಇರಬಹುದು, ಮಾತು ಕಂಬಾರರದು. ಒಬ್ಬ ಕವಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ ಎಂದು ಅನ್ನಿಸುವುದು ಸಹಜ. ಆದರೆ ‘ಜನಪದ’ ಎಂಬ ಚೀಟಿ ಅಂಟಿಸಿ ಕವಿಯ ಹೆಸರನ್ನೇ ಅಳಿಸುವುದು ಮನ್ನಣೆ ಆಗಲಾರದು.

ಇನ್ನು ವಿನಾಯಿತಿಯ ಮಾತು. ಖಾಸಗಿ ಅಥವಾ ಸ್ವಂತ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಎಂಬ ಮೂರು ಉದ್ದೇಶಗಳಿಗೆ ನ್ಯಾಯಯುತವಾಗಿ ಕೃತಿಯನ್ನು ಬಳಸಲು 52ನೇ ಕಲಂ ಬಿಡುತ್ತದೆ. 2012ರ ತಿದ್ದುಪಡಿಯಾಗುವ ತನಕ ಈ ಸವಲತ್ತು ಧ್ವನಿಮುದ್ರಣಗಳಿಗೆ ಇರಲಿಲ್ಲ, ಈಗ ಇದೆ. ಇದು ಸಣ್ಣ ಬದಲಾವಣೆಯಲ್ಲ. ಚೌಡಿಕಿ ಪದದ ಲಯವನ್ನು ವಿವರಿಸುವವರು ಹಳೆಯ ಧ್ವನಿಮುದ್ರಣದ ತುಣುಕನ್ನು ಕೇಳಿಸಿ, ನಿಲ್ಲಿಸಿ, ಅರ್ಥ ಹೇಳಿ, ಇನ್ನೊಂದು ಮೇಳದ ಹಾಡಿಕೆಯೊಂದಿಗೆ ಹೋಲಿಸಿದರೆ ಅದು ವಿಮರ್ಶೆ. ಅದಕ್ಕೆ ಯಾವ ಕಂಪನಿಯ ಚೀಟಿಯೂ ಬೇಕಿಲ್ಲ. ಆದರೆ 30 ಸೆಕೆಂಡು ಮೀರದಿದ್ದರೆ ತಪ್ಪಿಲ್ಲ, ದುಡ್ಡು ಮಾಡದಿದ್ದರೆ ತಪ್ಪಿಲ್ಲ, ‘ಹಕ್ಕು ಮೂಲ ಮಾಲೀಕರದು’ ಎಂದು ಬರೆದರೆ ತಪ್ಪಿಲ್ಲ ಎಂಬ ಮೂರು ನಂಬಿಕೆಗಳಿಗೂ ಕಾಯ್ದೆಯಲ್ಲಿ ನೆಲೆಯಿಲ್ಲ. ನ್ಯಾಯಾಲಯಗಳು ಸೆಕೆಂಡು ಎಣಿಸುವುದಕ್ಕಿಂತ ಉದ್ದೇಶವನ್ನೂ ಪ್ರಮಾಣವನ್ನೂ ಒಟ್ಟಿಗೆ ನೋಡಿವೆ. ಟಿವಿ ಸಂದರ್ಶನದಲ್ಲಿ ಗಾಯಕಿಯೊಬ್ಬರು ತಾವೇ ಹಾಡಿ ಪ್ರಸಿದ್ಧವಾದ ಸಿನಿಮಾ ಹಾಡುಗಳ ಕೆಲವು ಸಾಲುಗಳನ್ನು ಹಾಡಿದ್ದರ ಮೇಲೆ ಯಶ್‌ರಾಜ್ ಫಿಲಮ್ಸ್ ಇಂಡಿಯಾ ಟಿವಿಯನ್ನು ಕೋರ್ಟಿಗೆ ಎಳೆದಿತ್ತು. ಅಷ್ಟು ಅಲ್ಪ ಬಳಕೆಯನ್ನು ಉಲ್ಲಂಘನೆ ಎನ್ನಲಾಗದು ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2012ರಲ್ಲಿ ಹೇಳಿತು. ಹಾಡುಗಾರ್ತಿ ತನ್ನ ಬದುಕಿನ ಕಥೆ ಹೇಳುವಾಗ ತನ್ನದೇ ಹಾಡಿನ ಎರಡು ಸಾಲು ಹಾಡಬಾರದು ಎನ್ನುವ ಕಾಯ್ದೆ ಕಾಯ್ದೆಯೇ ಅಲ್ಲ. ಆ ತೀರ್ಪು ಸರಿಯಾದ ದಾರಿ ಹಿಡಿದಿದೆ ಎಂದು ನನ್ನ ಎಣಿಕೆ.

ಜಾತ್ರೆ ಮದುವೆಗಳ ವಿಷಯದಲ್ಲಿ ಕಾಯ್ದೆ ಇನ್ನೂ ಉದಾರವಾಗಿದೆ. ನಿಜವಾದ ಧಾರ್ಮಿಕ ಸಮಾರಂಭದಲ್ಲಿ, ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡಿದರೆ, ರೆಕಾರ್ಡು ಹಚ್ಚಿದರೆ ಉಲ್ಲಂಘನೆ ಆಗುವುದಿಲ್ಲ. ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸೇರಿದ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ. ಮದುವೆ ಮನೆಯಲ್ಲಿ ಹಾಡು ಹಚ್ಚಿದ್ದಕ್ಕೆ ರಾಯಧನ ಕೇಳುವಂತಿಲ್ಲ ಎಂದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈನಲ್ಲಿ ಮತ್ತೊಮ್ಮೆ ಪ್ರಕಟಣೆ ಹೊರಡಿಸಿತು. ಹೀಗಾಗಿ ಗೋಕಾಕದ ಲಕ್ಷ್ಮೀದೇವಿ ಜಾತ್ರೆಯ ಪೂಜೆಯ ವೇಳೆಗೆ ಹಾಡುವ ಭಜನೆಯಾಗಲಿ, ತಾಲ್ಲೂಕು ಆಡಳಿತದ ರಾಜ್ಯೋತ್ಸವದಲ್ಲಿ ಹಾಡುವ ಆನಂದಕಂದರ ಕವಿತೆಯಾಗಲಿ ಯಾರ ಸಾಲವನ್ನೂ ಹೊತ್ತಿಲ್ಲ. ಆದರೆ ವಿನಾಯಿತಿ ಇರುವುದು ಆ ಸಮಾರಂಭಕ್ಕೆ. ಮರುದಿನ ಅದರ ವಿಡಿಯೊ ಯೂಟ್ಯೂಬಿಗೆ ಏರಿದಾಗ ಸಮಾರಂಭ ಮುಗಿದಿರುತ್ತದೆ, ವಿನಾಯಿತಿಯೂ ಅದರೊಂದಿಗೆ ಮುಗಿದಿರುತ್ತದೆ. ಶಾಲೆಯ ವಾರ್ಷಿಕೋತ್ಸವಕ್ಕೂ ಇದೇ ಮಾತು. ಮಕ್ಕಳು, ಗುರುಗಳು, ಪಾಲಕರು ಮಾತ್ರ ಕೂತ ಸಭೆಯಲ್ಲಿ ಮಕ್ಕಳು ಕಂಬಾರರ ಹಾಡು ಹಾಡಬಹುದು, ಅದನ್ನು ಜಗತ್ತಿಗೆ ಬಿತ್ತರಿಸಲು ಬೇರೆ ಒಪ್ಪಿಗೆ ಬೇಕು. ಈ ಭೇದ ತೀರ ಬಿಗಿಯಾಯಿತು ಎಂದು ನನಗೂ ಅನ್ನಿಸುತ್ತದೆ. ಲಾಭದ ಉದ್ದೇಶವಿಲ್ಲದ ಶಾಲೆಯ ವಿಡಿಯೊಗಳಿಗೆ ಸಂಸತ್ತು ಸ್ಪಷ್ಟ ವಿನಾಯಿತಿ ಕೊಡಬೇಕು.

ಕಾಯ್ದೆಯ ಇಷ್ಟು ಮಾತು ಹೇಳಿ ಮುಗಿಸಿದರೆ ಈ ಭಾಗದ ಪ್ರಶ್ನೆಯ ತಿರುಳು ಉಳಿದೇ ಹೋಗುತ್ತದೆ. ಡೊಳ್ಳಿನ ಪದ, ಗೀಗೀ ಪದ, ಲಾವಣಿ, ಭಜನಾ ಪದ ಯಾವುದನ್ನೇ ಕೇಳಿ. ಪದ ಮುಗಿಯುವ ಹೊತ್ತಿಗೆ, ಕೊನೆಯ ನುಡಿಯಲ್ಲಿ, ಕಟ್ಟಿದವರು ತಮ್ಮ ಊರನ್ನು, ಊರ ದೈವವನ್ನು, ಗುರುವನ್ನು, ತಮ್ಮ ಹೆಸರನ್ನು ಹೇಳಿಕೊಳ್ಳುವ ವಾಡಿಕೆ ಇದೆ. ವಚನಕಾರರ, ದಾಸರ ಅಂಕಿತದ ಸಾಲಿನಲ್ಲೇ ಬಂದ ಪದ್ಧತಿ ಇದು. ಹರದೇಸಿ ನಾಗೇಸಿ ಮೇಳಗಳು ರಾತ್ರಿಯಿಡೀ ಸವಾಲು ಜವಾಬು ಹಾಡುವಾಗ ಬೇರೆಯವರು ಕಟ್ಟಿದ ಪದವನ್ನು ತನ್ನದೆಂದು ಹಾಡಿದವರನ್ನು ಸಭೆ ಸುಮ್ಮನೆ ಬಿಡುತ್ತಿರಲಿಲ್ಲ. ಪದವನ್ನು ಯಾರು ಬೇಕಾದರೂ ಕಲಿಯಬಹುದಿತ್ತು, ಹಾಡಬಹುದಿತ್ತು, ಅದಕ್ಕೆ ಯಾರೂ ದುಡ್ಡು ಕೇಳುತ್ತಿರಲಿಲ್ಲ. ಆದರೆ ಕೊನೆಯ ನುಡಿಯನ್ನು ಬಿಡುವಂತಿರಲಿಲ್ಲ, ಹೆಸರು ಬದಲಿಸುವಂತಿರಲಿಲ್ಲ. ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ಅದನ್ನು ಕೆಡಿಸದಂತೆ ತಡೆಯುವ ಹಕ್ಕನ್ನು ಕಾಯ್ದೆಯ 57ನೇ ಕಲಂ ಕರ್ತೃವಿಗೆ ಕೊಟ್ಟಿದೆ. 2012ರಿಂದ ಅಂಥದೇ ಹಕ್ಕು ಹಾಡುಗಾರರಿಗೂ ಇದೆ. ಕಟ್ಟಿದವರು ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟರೂ ಈ ಹಕ್ಕು ಅವರಲ್ಲೇ ಉಳಿಯುತ್ತದೆ. ನಮ್ಮ ಮೇಳಗಳು ಕಟ್ಟಳೆಯಾಗಿ ನಡೆಸಿಕೊಂಡು ಬಂದದ್ದನ್ನೇ ಕಾಯ್ದೆ ತಡವಾಗಿ ಬರೆದುಕೊಂಡಿತು. ಈಗ ನಡೆಯುತ್ತಿರುವುದನ್ನು ನೋಡಿ. ಪದದ ರಂಜನೆಯ ಭಾಗ ನಡುವಿನಲ್ಲಿರುತ್ತದೆ, ಅಂಕಿತ ಕೊನೆಗೆ ಇರುತ್ತದೆ. ತುಣುಕು ಮಾಡುವವರು ನಡುವಿನ ಅರ್ಧ ನಿಮಿಷವನ್ನು ಕತ್ತರಿಸಿ ಹಂಚುತ್ತಾರೆ, ಅಂಕಿತ ಬಿದ್ದುಹೋಗುತ್ತದೆ. ತಪ್ಪಿಸಿಕೊಳ್ಳಲೆಂದು ಹಿಡಿದ 30 ಸೆಕೆಂಡಿನ ಲೆಕ್ಕ ಕಟ್ಟಿದವರ ಹೆಸರನ್ನೇ ತಿಂದುಹಾಕುತ್ತಿದೆ. ಪೂರ್ತಿ ಪದ ಹಾಕಿದವರಿಗಿಂತ ತುಣುಕು ಹಾಕಿದವರು ಕಟ್ಟಿದವರಿಗೆ ಹೆಚ್ಚು ಅನ್ಯಾಯ ಮಾಡಿರಬಹುದು ಎಂಬ ಸಂಗತಿ ಸೆಕೆಂಡಿನ ಲೆಕ್ಕದಲ್ಲಿ ಕಾಣುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಜನಪದ ಎಲ್ಲರ ಸ್ವತ್ತು, ಅದಕ್ಕೆ ಬೇಲಿ ಹಾಕಬಾರದು ಎಂಬುದು. ಒಪ್ಪುವಂಥ ಮಾತೇ. ನಮ್ಮ ಕಾಯ್ದೆಯಲ್ಲಿ ಜನಪದ ಕೃತಿಗೆ ಬೇಲಿಯೂ ಇಲ್ಲ, ರಕ್ಷಣೆಯೂ ಇಲ್ಲ. ಯುನೆಸ್ಕೊ ಮತ್ತು ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆ ಕೂಡಿ 1982ರಲ್ಲಿ ಜಾನಪದ ರಕ್ಷಣೆಗೆ ಮಾದರಿ ನಿಯಮಗಳನ್ನು ರೂಪಿಸಿದರೂ ಭಾರತ ಅದರಂತೆ ಕಾಯ್ದೆ ಮಾಡಲಿಲ್ಲ. ಮಾಡದೆ ಇದ್ದದ್ದು ಒಳ್ಳೆಯದೇ ಆಯಿತೆಂದು ನಾನು ಭಾವಿಸುತ್ತೇನೆ, ಏಕೆಂದರೆ ಬೀಸುವ ಪದಕ್ಕೆ ಪರವಾನಗಿ ಕೊಡುವ ಅಧಿಕಾರಿಯೊಬ್ಬ ಹುಟ್ಟಿದರೆ ಮೊದಲು ಬಾಯಿ ಮುಚ್ಚುವುದು ಬೀಸುವವರದೇ. ಜಾನಪದ ಸಂಗ್ರಹ ಮಾಡಿದವರಿಗೂ ಆ ಪದಗಳ ಮೇಲೆ ಒಡೆತನ ಬರುವುದಿಲ್ಲ. ಅವರ ಆಯ್ಕೆ, ಜೋಡಣೆ, ಟಿಪ್ಪಣಿಯಲ್ಲಿ ಸ್ವಂತ ಸೃಜನಶೀಲತೆ ಇದ್ದರೆ ಅಷ್ಟಕ್ಕೆ ಮಾತ್ರ ಹಕ್ಕು ಎಂಬುದು ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಕೊಟ್ಟ ತೀರ್ಪಿನಿಂದ ಹೊರಡುವ ಅರ್ಥ. ಆದರೆ ಪದ ಎಲ್ಲರದು ಎಂಬ ಮಾತ್ರಕ್ಕೆ ನಿನ್ನೆ ರಾತ್ರಿ ಅದನ್ನು ಹಾಡಿದ ದನಿಯೂ ಎಲ್ಲರದಾಗುವುದಿಲ್ಲ. ಕೆರೆ ಊರದಾದರೂ ಅದರಿಂದ ಹೊತ್ತು ತಂದ ಕೊಡದ ನೀರು ಹೊತ್ತವರದು.

ನಾವು ದುಡ್ಡು ಮಾಡುತ್ತಿಲ್ಲ, ಹಾಡುಗಾರರಿಗೆ ಪ್ರಚಾರವೇ ಸಿಗುತ್ತದಲ್ಲ ಎಂಬುದು ಇನ್ನೊಂದು ಆಕ್ಷೇಪ. ಹಂಚಿದವರು ಮಾಡದಿದ್ದರೂ ಜಾಹೀರಾತು ಹಾಕುವ ವೇದಿಕೆ ಮಾಡುತ್ತದೆ. ಆದರೂ ಪ್ರಚಾರದ ವಾದದಲ್ಲಿ ಹುರುಳಿದೆ. ಹೊಸ ಪೀಳಿಗೆಯ ಜಾನಪದ ಹಾಡುಗಾರರು ಊರ ಜಾತ್ರೆಗಳ ರಸಮಂಜರಿಗೆ ಕರೆ ಪಡೆಯುವುದೇ ಮೊಬೈಲಿನ ಹಾಡಿನಿಂದ. ಅವರಲ್ಲಿ ಹೆಚ್ಚಿನವರು ಕೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ಹಾಗಿರುವಾಗ ಕೇಳದೆ ಹಾಕುವುದಕ್ಕೆ ಕಾರಣವೇ ಇಲ್ಲ. ಪ್ರಚಾರ ಬೇಕೋ ಬೇಡವೋ, ಯಾವ ಹಾಡಿಗೆ ಬೇಕು, ಎಲ್ಲಿ ಬೇಕು ಎಂದು ಹೇಳಬೇಕಾದವರು ಹಾಡಿದವರು. ದೇವಿಯ ಮುಂದೆ ಮಾತ್ರ ಹಾಡುವ ಪದವನ್ನು ಹಾಸ್ಯದ ತುಣುಕಿಗೆ ಹಿನ್ನೆಲೆಯಾಗಿ ಬಳಸಿದಾಗ ಚೌಡಿಕಿಯವರಿಗೆ ಆಗುವ ನೋವನ್ನು ನೋಡಿದವರ ಸಂಖ್ಯೆಯಲ್ಲಿ ತೂಗಲಾಗದು.

ಕಾಯ್ದೆ ಇರುವುದೇ ಕಂಪನಿಗಳಿಗಾಗಿ ಎಂಬ ದೂರು ಎಲ್ಲಕ್ಕಿಂತ ಗಂಭೀರವಾದದ್ದು. ದೂರಿಗೆ ಆಧಾರವಿದೆ. ಕೆಜಿಎಫ್ 2ರ ಹಾಡುಗಳನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೊಗಳಿಗೆ ಬಳಸಿದ್ದಕ್ಕೆ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ 2022ರಲ್ಲಿ ಯಶವಂತಪುರ ಠಾಣೆಯಲ್ಲಿ ದೂರು ಕೊಟ್ಟಿತು. ಆ ಪ್ರಕರಣವನ್ನು ರದ್ದುಪಡಿಸಲು ಕರ್ನಾಟಕ ಹೈಕೋರ್ಟು 2023ರಲ್ಲಿ ಒಪ್ಪಲಿಲ್ಲ. ರಾಷ್ಟ್ರೀಯ ಪಕ್ಷಕ್ಕೆ ವಕೀಲರು ಸಿಗುತ್ತಾರೆ. 63ನೇ ಕಲಂ ಹೇಳುವ ಆರು ತಿಂಗಳಿಂದ ಮೂರು ವರ್ಷದ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಹಳ್ಳಿಯ ಹುಡುಗನನ್ನು ನಡುಗಿಸಲು ಸಾಕು. ಯೂಟ್ಯೂಬಿನ ಗುರುತು ಹಿಡಿಯುವ ಯಂತ್ರಕ್ಕೆ ವಿಮರ್ಶೆ ಯಾವುದು, ನಕಲು ಯಾವುದು ಎಂದು ತಿಳಿಯುವುದಿಲ್ಲ. ಹಳೆಯ ಧಾಟಿಯ ಭಜನೆಯನ್ನು ಮಂಡಳಿಯವರೇ ಹಾಡಿದ್ದರೂ ಅದೇ ಧಾಟಿಯ ಕ್ಯಾಸೆಟ್ಟು ತಂದ ಕಂಪನಿಯ ಹೆಸರಿನಲ್ಲಿ ತಕರಾರು ಬೀಳಬಹುದು. ಅಂಥವರು ಹೆದರಿ ಹಾಡು ತೆಗೆಯಬೇಕಿಲ್ಲ. ಆಧಾರವಿಲ್ಲದ ಬೆದರಿಕೆಯ ವಿರುದ್ಧ ದಾವೆ ಹೂಡಲು 60ನೇ ಕಲಂ ಅವಕಾಶ ಕೊಟ್ಟಿದೆ. ಕಂಪನಿಗಳ ಕೈ ಕಟ್ಟುವ ಕಲಮುಗಳೂ ಕಾಯ್ದೆಯಲ್ಲಿವೆ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಕ್ಯಾಸೆಟ್ಟಿನ ಕಾಲದಲ್ಲಿ ಬಾಯಿಮಾತಿನಲ್ಲಿ, ಒಂದೇ ಕಂತಿನ ದುಡ್ಡಿಗೆ ಪದ ಕೊಟ್ಟವರ ಸಾಹಿತ್ಯ ಇವತ್ತಿಗೂ ಅವರದೇ, ಕಂಪನಿಗೆ ಇರುವುದು ತಾನು ಮಾಡಿದ ಮುದ್ರಣದ ಹಕ್ಕು ಮಾತ್ರ. 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣಕ್ಕೆ ಸೇರಿದ ಸಾಹಿತ್ಯ ಸಂಗೀತಗಳ ರಾಯಧನದ ಪಾಲನ್ನು ಕರ್ತೃಗಳು ಬರೆದುಕೊಟ್ಟರೂ ಆ ಬರಹ ಊರ್ಜಿತವಾಗುವುದಿಲ್ಲ. ಈ ಕಲಮುಗಳು ಹಾಡುಗಾರರ ಕೈಗೆ ಮುಟ್ಟಿಲ್ಲ ಎಂಬುದು ಕಾಯ್ದೆಗಿಂತ ಅದನ್ನು ತಿಳಿಸಬೇಕಾದವರ ದೋಷ.

ಕಾಯ್ದೆಯಂತೆಯೇ ನಡೆದರೆ ಹಳೆಯ ಹಾಡುಗಳು ಪೆಟ್ಟಿಗೆಯಲ್ಲೇ ಕೊಳೆತುಹೋಗುತ್ತವೆ ಎಂಬ ಆತಂಕ ನನಗೂ ಇದೆ. 1964ರಲ್ಲಿ ಪ್ರಕಟವಾದ ಗ್ರಾಮಾಫೋನ್ ತಟ್ಟೆ 2024ರ ಕೊನೆಗೆ ಮುಕ್ತವಾಯಿತು, ಪ್ರತಿ ಜನವರಿಗೆ ಇನ್ನೊಂದು ವರ್ಷದ ತಟ್ಟೆಗಳು ಮುಕ್ತವಾಗುತ್ತವೆ. ಸಾಹಿತ್ಯವೂ ಧಾಟಿಯೂ ಹಳೆಯವಾಗಿದ್ದರೆ ಅವನ್ನು ಧೈರ್ಯವಾಗಿ ಹಂಚಬಹುದು. ನಿಜವಾದ ನಷ್ಟ 1970ರಿಂದ ಈಚಿನ ಟೇಪು ಕ್ಯಾಸೆಟ್ಟುಗಳದು. ಸುರುಳಿ ಬೂಸಲು ಹಿಡಿಯುತ್ತಿದೆ, ತಂದ ಸಂಸ್ಥೆ ಎಲ್ಲಿದೆಯೋ ತಿಳಿಯದು. ಕರ್ತೃ ಪತ್ತೆಯಾಗದ ಕೃತಿಗೆ ಕಡ್ಡಾಯ ಪರವಾನಗಿ ಕೊಡುವ 31ಎ ಕಲಂ ಇದೆ, ಆದರೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಅರ್ಜಿ ಹಾಕಿ, ವಿಚಾರಣೆಗೆ ಓಡಾಡುವುದು ಭಜನಾ ಮಂಡಳಿಯ ಶಕ್ತಿಗೆ ಮೀರಿದ್ದು. ಅಂಥ ಕ್ಯಾಸೆಟ್ಟನ್ನು ಮನೆಯಲ್ಲಿ, ಅಧ್ಯಯನಕ್ಕಾಗಿ ಡಿಜಿಟಲ್ ಮಾಡಿಟ್ಟುಕೊಳ್ಳುವುದು ಸ್ವಂತ ಬಳಕೆಯಲ್ಲಿ ಸೇರುತ್ತದೆ, ಅದನ್ನು ಇಂದೇ ಮಾಡಬೇಕು. ಬಿತ್ತರಿಸುವ ಕೆಲಸ ಸಂಸ್ಥೆಗಳದು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈ ಭಾಗದ ಹಾಡುಗಾರರ ದನಿಯನ್ನು ದಶಕಗಳ ಕಾಲ ಮುದ್ರಿಸಿದೆ. ಸಾರ್ವಜನಿಕ ಹಣದಲ್ಲಿ ಆದ ಆ ಮುದ್ರಣಗಳನ್ನು, ಹಾಡಿದವರ ಅಥವಾ ಅವರ ವಾರಸುದಾರರ ಒಪ್ಪಿಗೆ ಪಡೆದು, ಹೆಸರು ಊರುಗಳ ಸಮೇತ ಕೇಳುಗರಿಗೆ ತೆರೆದಿಡಬೇಕು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಬಾಗಲಕೋಟೆಯ ಬಯಲಾಟ ಅಕಾಡೆಮಿ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಕೂಡಿ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರವನ್ನು ರೂಪಿಸಿದರೆ ಅರ್ಧ ತೊಡಕು ಬಿಡಿಸಿದಂತೆ. ಯಾವ ಪದ, ಕಟ್ಟಿದವರು ಯಾರು, ಹಾಡಿದವರು ಯಾರು, ಎಲ್ಲಿ ಹಂಚಬಹುದು, ದುಡ್ಡು ಬಂದರೆ ಪಾಲು ಹೇಗೆ ಎಂಬಷ್ಟು ಅದರಲ್ಲಿದ್ದರೆ ಸಾಕು.

ಅಲ್ಲಿಯ ತನಕ ಹಂಚುವವರ ಕೈಯಲ್ಲೂ ಕೆಲಸವಿದೆ. ವಿಮರ್ಶೆಗೆ, ಅಧ್ಯಯನಕ್ಕೆ ಬೇಕಾದ ತುಣುಕನ್ನು ಹೆದರದೆ ಬಳಸಿ, ಅದರ ಜೊತೆ ಅಂಕಿತದ ನುಡಿಯನ್ನೂ ಕೇಳಿಸಿ ಅಥವಾ ಕಟ್ಟಿದವರ ಹೆಸರನ್ನು ಬರೆಯಿರಿ. ವಿಮರ್ಶೆಯ ಉದ್ದೇಶವಿಲ್ಲದೆ ಬರಿಯ ಹಾಡನ್ನು ಹಾಕುವುದಾದರೆ ಮೇಳದವರನ್ನು ಕೇಳಿ, ಪೂರ್ತಿ ಹಾಕಿ. ಪಾರಿಜಾತದ ಹಿರಿಯ ಕಲಾವಿದರಲ್ಲಿ ಈಗ ಉಳಿದಿರುವವರು ಕೆಲವೇ ಜನ. ಕುಲಗೋಡ, ಕೌಜಲಗಿಯ ಮನೆಗಳಿಗೆ ಒಪ್ಪಿಗೆ ಪತ್ರ ಹಿಡಿದು ಹೋಗುವ ಕೆಲಸ ಅವರು ಬದುಕಿರುವಾಗಲೇ ಶುರುವಾಗಬೇಕು.